25 ವರ್ಷ ಪಾಠ ಮಾಡಿದ್ದೇನೆ, ಶಿಕ್ಷಕರ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲಾ?

ಸಹೋದ್ಯೋಗಿಗಳು ಒತ್ತಾಯ ಮಾಡುತ್ತಿದ್ದಾರೆ, ಆದರೆ ಸರ್ವೀಸ್ ಒಂದನ್ನೇ ನಂಬಿ ಚುನಾವಣೆಗೆ ನಿಲ್ಲಬಹುದಾ ಅಂತ ಕೇಳಿದ್ದೀರಿ. ನಾನೂ ಶಿಕ್ಷಕಿ, ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವಳು. ಖಂಡಿತ ನಿಲ್ಲಿ. ಆದರೆ ಸರ್ವೀಸ್ ಒಂದೇ ಸಾಲದು. ಹಿರಿಯರು ಮಾತಾಡಿದರೆ ಎಲ್ಲರೂ ಗೌರವದಿಂದ ಕೇಳುತ್ತಾರೆ. ವೋಟು ಹಾಕುವಾಗ ಮಾತ್ರ, ನನ್ನ ಕಷ್ಟ ಇವರಿಗೆ ಗೊತ್ತಾ ಅಂತ ನೋಡುತ್ತಾರೆ.

ಹಾಗಾಗಿ ನಾಮಪತ್ರ ಹಾಕುವ ಮೊದಲೇ ಶಾಲೆಗಳಿಗೆ ಹೋಗಿ. ಸ್ಟಾಫ್ ರೂಮಿನಲ್ಲಿ ಸುಮ್ನೆ ಕೂತು ಅವರು ಹೇಳುವುದನ್ನು ಬರೆದುಕೊಳ್ಳಿ. ನಮ್ಮ ವಯಸ್ಸಿನವರು ಸೇರಿದರೆ ಬಡ್ತಿ, ಪಿಂಚಣಿ ಬಿಟ್ಟು ಬೇರೆ ಮಾತೇ ಬರುವುದಿಲ್ಲ. ಗುತ್ತಿಗೆ ಮೇಲಿರುವ ಹೊಸಬರ ಚಿಂತೆ ಬೇರೆ. ಮುಂದಿನ ವರ್ಷ ಕೆಲಸ ಇರುತ್ತಾ, ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಾ, ಹೆರಿಗೆ ರಜೆ ಕೊಡುತ್ತಾರಾ? ನಿಮ್ಮ ಸಂಘದ ಬೈಲಾದಲ್ಲಿ ಅವರಿಗೆ ಸದಸ್ಯತ್ವ ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನು ಕೊಡಿಸುವುದೇ ನಿಮ್ಮ ಮೊದಲ ಭರವಸೆ ಆಗಲಿ.

ಅಮೆರಿಕದ ಶಿಕಾಗೋದ ಕರೆನ್ ಲೂಯಿಸ್ ಕೆಮಿಸ್ಟ್ರಿ ಟೀಚರ್ ಆಗಿದ್ದರು. 20 ವರ್ಷಕ್ಕೂ ಜಾಸ್ತಿ ಪಾಠ ಮಾಡಿ, 2010ರಲ್ಲಿ ಅಲ್ಲಿನ ಶಿಕ್ಷಕರ ಸಂಘದ ಅಧ್ಯಕ್ಷೆಯಾದರು. ಅವರ ಗುಂಪು ಅದಕ್ಕೂ ಮೊದಲೇ, ಶಾಲೆಗಳನ್ನು ಮುಚ್ಚಬೇಡಿ ಅಂತ ಪೋಷಕರ ಜೊತೆ ನಿಂತು ಹೋರಾಡಿತ್ತು. 2012ರಲ್ಲಿ ಮುಷ್ಕರ ಮಾಡಬೇಕಾದರೆ ಒಟ್ಟು ಸದಸ್ಯರಲ್ಲಿ ಶೇ. 75ರಷ್ಟು ಜನ ಒಪ್ಪಬೇಕು ಅಂತ ಕಾನೂನಿತ್ತು. ಸುಮಾರು ಶೇ. 90 ಮಂದಿ ಒಪ್ಪಿದರು. ಅಷ್ಟು ಜನ ಕೈ ಎತ್ತಬೇಕಾದರೆ ಒಂದೊಂದು ಶಾಲೆಯಲ್ಲೂ ಎಷ್ಟು ಮಾತುಕತೆ ನಡೆದಿರಬೇಕು, ಅಲ್ವಾ?

ಗೆದ್ದ ಮೇಲಿನ ಕೆಲಸದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ವೇದಿಕೆ, ಹಾರ ಎಲ್ಲ ಕಡಿಮೆ. ಜಾಸ್ತಿ ಬರುವುದು ಕಾರಣ ಕೇಳುವ ನೋಟಿಸು, ತಡೆಹಿಡಿದ ಇನ್‌ಕ್ರಿಮೆಂಟು, ಅನ್ಯಾಯದ ವರ್ಗಾವಣೆ. ನೋಟಿಸ್ ಸಿಕ್ಕವರು ರಾತ್ರಿ ಅಳುತ್ತಾ ಫೋನ್ ಮಾಡುತ್ತಾರೆ. ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಉತ್ತರಕ್ಕೆ ಕೊನೆಯ ದಿನ ಯಾವುದು ಅಂತ ಕೇಳಿ. ಕೋಪದಲ್ಲಿ ಏನೂ ಬರೆಯಲು ಬಿಡಬೇಡಿ. ಕೊಟ್ಟ ಕಾಗದಕ್ಕೆಲ್ಲ ಸ್ವೀಕೃತಿ ಸಹಿ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ.

ಇದಕ್ಕಿಂತ ಕಷ್ಟದ ಸಂದರ್ಭವೂ ಬರುತ್ತದೆ. ಒಬ್ಬ ಸದಸ್ಯರು ಮಗುವಿಗೆ ಹೊಡೆದಿದ್ದಾರೆ ಅಂತ ದೂರು ಬಂದಾಗ, ನಮ್ಮವರು ಅಂತ ಮುಚ್ಚಿಹಾಕಲು ಒತ್ತಡ ಹಾಕುವವರು ಸಂಘದೊಳಗೇ ಇರುತ್ತಾರೆ. ದಯವಿಟ್ಟು ಬಗ್ಗಬೇಡಿ. ವಿಚಾರಣೆ ನ್ಯಾಯವಾಗಿ ನಡೆಯುವಂತೆ ನೋಡಿಕೊಳ್ಳುವುದು ಸಂಘದ ಕೆಲಸ, ಅಷ್ಟೇ. ಮಗುವಿನ ಮಾತನ್ನು ಸುಳ್ಳು ಮಾಡುವುದು ನಮ್ಮ ಕೆಲಸವಲ್ಲ. ಪೋಷಕರ ನಂಬಿಕೆ ಕಳೆದುಕೊಂಡ ಸಂಘದ ಮುಷ್ಕರಕ್ಕೆ ಊರಿನವರು ಯಾಕೆ ಬೆಂಬಲ ಕೊಡುತ್ತಾರೆ ಹೇಳಿ? ಇಲ್ಲೇ ನಿಮ್ಮ 25 ವರ್ಷ ಉಪಯೋಗಕ್ಕೆ ಬರುವುದು. ಇಷ್ಟು ವರ್ಷ ಮಕ್ಕಳ ಜೊತೆ ಇದ್ದವರು ಬೇಡ ಅಂದರೆ ಒತ್ತಡ ಹಾಕುವವರೂ ಹಿಂದೆ ಸರಿಯುತ್ತಾರೆ.

ಚಂದಾ ಹಣದ ಲೆಕ್ಕವನ್ನು ಪ್ರತಿ ಸಭೆಯಲ್ಲೂ ಓದಿಸಿ. ಮನವಿ ಪತ್ರ ಬರೆಯುವಾಗ ಶಿಕ್ಷಕರ ಸ್ಥಾನಮಾನದ ಬಗ್ಗೆ ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1966ರಲ್ಲಿ ಮಾಡಿದ ಶಿಫಾರಸನ್ನು ಓದಿಕೊಳ್ಳಿ. ಶಿಕ್ಷಣ ನೀತಿ ರೂಪಿಸುವಾಗ ಶಿಕ್ಷಕರ ಸಂಘಗಳನ್ನೂ ಸೇರಿಸಿಕೊಳ್ಳಬೇಕು ಅಂತ ಅದರಲ್ಲಿದೆ. ಅದಕ್ಕೆ ಕಾನೂನಿನ ಬಲ ಇಲ್ಲದಿದ್ದರೂ ಮಾತುಕತೆಯ ಮೇಜಿನಲ್ಲಿ ತೂಕ ಇದೆ.

ಆಗುವುದಾದರೆ ವಾರಕ್ಕೆ ಕೆಲವು ಪೀರಿಯಡ್ ಆದರೂ ಪಾಠ ಮಾಡುತ್ತಿರಿ. ನಾಮಪತ್ರಕ್ಕೆ ಸೂಚಕರು, ಅನುಮೋದಕರು ಬೇಕಾಗುತ್ತಾರಲ್ಲ, ಅವರಲ್ಲಿ ಒಬ್ಬರಾದರೂ ಕೆಲಸಕ್ಕೆ ಹೊಸದಾಗಿ ಸೇರಿದವರಾಗಿರಲಿ.