ಓದುಗರ ಪ್ರಶ್ನೆ: ಅತ್ತೆ, ಮಾವ, ಮಕ್ಕಳು ಮತ್ತು ಮೆಕ್ಸಿಕೊದ ಅಲೆ

ಪ್ರಶ್ನೆ: ಅಕ್ಕಾ, ನಾವು ಹಾಸನದ ಕಡೆಯವರು, ಈಗ ಹ್ಯೂಸ್ಟನ್‌ನಲ್ಲಿದ್ದೇವೆ. ಮಾರ್ಚ್ ರಜೆಯಲ್ಲಿ ಒಂದು ವಾರ ಮೆಕ್ಸಿಕೊದ ಕಡಲತೀರಕ್ಕೆ ಹೋಗುವ ಆಸೆ. ಊರಿನಿಂದ ಬಂದಿರುವ ಅತ್ತೆ-ಮಾವನೂ ಜೊತೆಗಿರುತ್ತಾರೆ. ಹನ್ನೊಂದು ವರ್ಷದ ಮಗಳು ಸರ್ಫಿಂಗ್ ಕಲಿಯಲೇಬೇಕೆಂದು ಹಟ ಹಿಡಿದಿದ್ದಾಳೆ. ಗೆಳತಿಯರೆಲ್ಲ ಕಾನ್‌ಕುನ್‌ಗೆ ಹೋಗು ಎನ್ನುತ್ತಾರೆ. ನನಗೋ ಸಮುದ್ರವೆಂದರೆ ಭಯ. ಎಲ್ಲಿಗೆ ಹೋಗೋಣ?
ಒಬ್ಬ ತಾಯಿ, ಹ್ಯೂಸ್ಟನ್

ಉತ್ತರ: ತಂಗೀ, ಮಗಳ ಹಟವೇ ನಿಮಗೆ ದಾರಿ ತೋರಿಸಲಿ. ಕಾನ್‌ಕುನ್ ಇರುವುದು ಕೆರಿಬಿಯನ್ ಕಡೆ. ಅಲ್ಲಿನ ನೀರಿನ ಬಣ್ಣದಿಂದ ಕಣ್ಣು ತೆಗೆಯಲಾಗದು, ಆದರೆ ಹಲಗೆಯ ಮೇಲೆ ನಿಂತು ಸಾಗುವಂಥ ಅಲೆ ಅಪರೂಪ. ಮೇಲಾಗಿ ವಸಂತದಿಂದ ಬೇಸಗೆಯವರೆಗೆ ಸರ್ಗಾಸೊ ಎಂಬ ಕಂದು ಕಡಲಕಳೆ ತೇಲಿಬಂದು ದಂಡೆಯಲ್ಲಿ ರಾಶಿ ಬೀಳುತ್ತದೆ. ಅದು ಕೊಳೆತರೆ ವಾಸನೆ ತಡೆಯಲಾಗುವುದಿಲ್ಲ. ಸರ್ಫಿಂಗ್‌ಗೆ ಪೆಸಿಫಿಕ್ ಕಡೆಗೇ ಬರಬೇಕು. ಹಾಗೆಂದು ಅಲ್ಲಿನ ದಂಡೆಗಳೆಲ್ಲ ಒಂದೇ ಅಲ್ಲ. ದಕ್ಷಿಣದ ಓಹಾಕಾ ರಾಜ್ಯದ ಪುಯೆರ್ಟೊ ಎಸ್ಕೊಂದಿದೊದಲ್ಲಿ ಸಿಕಾತೇಲಾ ಎಂಬ ದಂಡೆಯಿದೆ. ಜಗತ್ತಿನ ನುರಿತ ಸರ್ಫರ್‌ಗಳು ಅದನ್ನು ಹುಡುಕಿಕೊಂಡು ಬರುತ್ತಾರೆ. ಅಲ್ಲಿ ಮಗುವನ್ನು ಮೊಣಕಾಲು ನೀರಿಗೂ ಬಿಡಬಾರದು. ಹೋಟೆಲಿನ ಚಿತ್ರ ನೋಡಿ ಊರು ಆರಿಸುವವರು ಎಡವುವುದು ಇಲ್ಲಿಯೇ. ಮೊದಲು ಅಲೆ ಎಂಥದ್ದೆಂದು ವಿಚಾರಿಸಿ, ಆಮೇಲೆ ಕೋಣೆ ಕಾಯ್ದಿರಿಸಿ.

ನಾನು ಹೇಳುವುದು ಪೆಸಿಫಿಕ್ ದಂಡೆಯ ಸಯುಲೀಟಾ ಎಂಬ ಊರು. ಹ್ಯೂಸ್ಟನ್‌ನಿಂದ ಪುಯೆರ್ಟೊ ವಯಾರ್ಟಾಕ್ಕೆ ನೇರ ವಿಮಾನವಿದೆ, ಸುಮಾರು ಮೂರು ಗಂಟೆಯ ಹಾದಿ. ಅಲ್ಲಿಂದ ಉತ್ತರಕ್ಕೆ ಕಾರಿನಲ್ಲಿ ಒಂದು ಗಂಟೆ. ವಿಮಾನ ನಿಲ್ದಾಣ ಹಲಿಸ್ಕೊ ರಾಜ್ಯದಲ್ಲಿದೆ, ಸಯುಲೀಟಾ ನಯಾರೀತ್ ರಾಜ್ಯದಲ್ಲಿದೆ. ನಯಾರೀತ್‌ನ ಉಳಿದ ಭಾಗದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ಆದರೆ ಸಯುಲೀಟಾ ಸೇರಿರುವ ಬಂದೇರಾಸ್ ಕೊಲ್ಲಿಯ ಆಡಳಿತ ಪ್ರದೇಶ 2010ರಿಂದ ವಯಾರ್ಟಾದ ಸಮಯವನ್ನೇ ಅನುಸರಿಸುತ್ತಿದೆ. ಮರಳುವ ದಿನ ಮೊಬೈಲ್ ತೋರಿಸುವ ಸಮಯವನ್ನೊಮ್ಮೆ ಅಂಗಡಿಯವರ ಗಡಿಯಾರದೊಂದಿಗೆ ತಾಳೆ ನೋಡಿಕೊಳ್ಳಿ. ವಯಾರ್ಟಾದಲ್ಲಿ ಇಳಿದು ಹೊರಬರುವ ದಾರಿಯ ಹಜಾರದಲ್ಲಿ ‘ಟ್ಯಾಕ್ಸಿ ಬೇಕೇ, ಉಚಿತ ಪ್ರವಾಸ ಬೇಕೇ’ ಎಂದು ನಗುನಗುತ್ತಾ ಕರೆಯುವವರು ನಿಂತಿರುತ್ತಾರೆ. ಅವರು ಟೈಮ್‌ಶೇರ್, ಅಂದರೆ ವರ್ಷಕ್ಕೆ ಕೆಲವೇ ದಿನ ಇರುವ ಹಕ್ಕಿನ ರಜಾಮನೆ, ಮಾರುವವರು. ನಿಲ್ಲದೆ ನಡೆದುಬಿಡಿ.

ಈಗ ನಿಮ್ಮ ಭಯದ ಮಾತು. ನಾನು ಹುಟ್ಟಿದ್ದು ಮಲ್ಪೆಯ ಪಕ್ಕದ ಪಡುಕೆರೆಯಲ್ಲಿ, ಸ್ಯಾನ್ ಡಿಯಾಗೋಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಕಡಲ ಸದ್ದು ಕೇಳುತ್ತಲೇ ನಿದ್ದೆ ಹೋದವಳು ನಾನು, ಆದರೂ ಕಡಲಿಗೆ ಇಳಿದವಳಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಕಡಲೆಂದರೆ ಸಂಜೆ ಪಾದ ತೋಯಿಸುವ ಜಾಗ. ಕಡಲಿಗೆ ಬೆನ್ನು ಹಾಕಬೇಡ ಎಂಬುದೊಂದೇ ಅಪ್ಪ ನನಗೆ ಕಲಿಸಿದ ಪಾಠ. ಆ ಪಾಠದ ಬೆಲೆ ನನಗೆ ಗೊತ್ತಾದದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಸಯುಲೀಟಾದ ನೀರಿನಲ್ಲಿ ನಿಂತಾಗ.

ಊರಿನ ಎದುರಿಗೇ ದಂಡೆ. ದಂಡೆಯ ಮೇಲೆಯೇ ಹಲಗೆಗಳನ್ನು ಸಾಲಾಗಿ ಒರಗಿಸಿಟ್ಟ ತರಬೇತಿಯವರು. ಕಲಿಯುವವರಿಗೆ ಎಂಟು-ಒಂಬತ್ತು ಅಡಿಯ, ಮೇಲ್ಮೈ ಮೆತ್ತಗಿರುವ ಫೋಮ್ ಹಲಗೆಯನ್ನೇ ಕೊಡಬೇಕು. ಗಟ್ಟಿ ಹಲಗೆ ಕೊಟ್ಟರೆ ಒಪ್ಪಬೇಡಿ. ಮೊದಲು ಮರಳಿನ ಮೇಲೆ ಹಲಗೆಯಿಟ್ಟು, ಹೊಟ್ಟೆಯ ಮೇಲೆ ಮಲಗಿಸಿ, ಎರಡು ಕೈಯೂರಿ ಒಮ್ಮೆಗೇ ಎದ್ದು ನಿಲ್ಲುವುದನ್ನು ಹತ್ತಿಪ್ಪತ್ತು ಸಲ ಮಾಡಿಸುತ್ತಾರೆ. ಆಮೇಲೆ ನೀರು. ನನ್ನ ಒಂಬತ್ತು ವರ್ಷದ ಮಗಳ ಹಲಗೆಯ ಹಿಂಬದಿ ಹಿಡಿದು ನಿಂತಿದ್ದ ಹುಡುಗ ಅಲೆ ಹತ್ತಿರವಾದಂತೆ ‘ರೇಮಾ, ರೇಮಾ’ ಎಂದು ಕೂಗಿದ. ಹುಟ್ಟು ಹಾಕು, ಹುಟ್ಟು ಹಾಕು ಎಂದರ್ಥ. ಅವಳ ಎರಡು ಪುಟ್ಟ ಕೈಗಳು ನೀರು ಬಗೆದವು. ಅವನು ಹಲಗೆ ನೂಕಿ ‘ಅರೀಬಾ’ ಎಂದ. ಅವಳು ಎದ್ದಳು. ಮೊಣಕಾಲು ನಡುಗುತ್ತಿತ್ತು, ಎಡಗೈ ಗಾಳಿಯಲ್ಲಿ ಏನನ್ನೋ ಹಿಡಿಯುವಂತೆ ಚಾಚಿತ್ತು. ನೊರೆಯ ಮೇಲೆ ಹತ್ತು ಮಾರು ದೂರ ಬಂದು, ನಾನು ನಿಂತಿದ್ದಲ್ಲೇ ಬಿದ್ದಳು. ಎದ್ದವಳು ನನ್ನ ಕಡೆ ನೋಡಲೂ ಇಲ್ಲ, ತಿರುಗಿ ಅಲೆಯ ಕಡೆಗೇ ಹೊರಟಳು.

ಮರುದಿನ ನನ್ನ ಸರದಿ. ಸೊಂಟದ ಮಟ್ಟದ ನೀರಿನಲ್ಲಿ ಹಲಗೆಯನ್ನು ಮುಂದೆ ಅಡ್ಡ ಹಿಡಿದು ದಂಡೆಯಲ್ಲಿದ್ದ ಅತ್ತೆಯ ಕಡೆ ಕೈ ಬೀಸಿದೆ. ಅಷ್ಟು ಹೊತ್ತು ಕಡಲಿಗೆ ಬೆನ್ನು. ಹಿಂದಿರುಗಿ ನೋಡುವಷ್ಟರಲ್ಲಿ ಅಲೆ ಬಂದು ಹಲಗೆಯನ್ನೆತ್ತಿ ನನ್ನ ಪಕ್ಕೆಲುಬಿಗೆ ಹೊಡೆಯಿತು. ಮೂರು ವಾರ ಎಡಮಗ್ಗುಲಲ್ಲಿ ಮಲಗಲಾಗಲಿಲ್ಲ. ಅದಕ್ಕೇ ಒತ್ತಿ ಹೇಳುತ್ತೇನೆ: ನಿಮಗೂ ಅಲೆಗೂ ನಡುವೆ ಹಲಗೆ ಎಂದೂ ಇರಬಾರದು, ಅದು ಪಕ್ಕದಲ್ಲಿರಬೇಕು. ಅಲ್ಲಲ್ಲಿ ನೀರಿನಡಿ ದುಂಡು ಕಲ್ಲುಗಳಿವೆ. ಹಾಗಾಗಿ ತಲೆ ಮುಂದಾಗಿ ಬೀಳದೆ ಮೈ ಹರಡಿ ಬೀಳಬೇಕು, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಮೇಲೇಳಬೇಕು. ಮರಳಿನಲ್ಲಿ ಬಾಲದಿಂದ ಚುಚ್ಚುವ ತೊರಕೆ ಮೀನು ಹುದುಗಿರಬಹುದು, ಪಾದ ಎತ್ತಿಡದೆ ಉಜ್ಜಿಕೊಂಡು ನಡೆದರೆ ಅದು ದೂರ ಸರಿಯುತ್ತದೆ. ಸೆಳೆತಕ್ಕೆ ಸಿಕ್ಕಿದರೆ ದಂಡೆಯತ್ತ ಗುದ್ದಾಡಬೇಡಿ. ದಂಡೆಗೆ ಸಮಾನಾಂತರವಾಗಿ ಈಜಿ, ಸೆಳೆತದ ಪಟ್ಟೆ ದಾಟಿದ ಮೇಲೆ ಒಳಗೆ ಬನ್ನಿ. ಒಂದು ತೊರೆಯ ಅಳಿವೆ ಆ ದಂಡೆಯಲ್ಲೇ ಇದೆ, ಮಳೆ ಬಿದ್ದ ಮೇಲೆ ಅದರ ಆಸುಪಾಸಿನ ನೀರು ಕೊಳಕಾಗಿರುತ್ತದೆ. ಮಾರ್ಚ್ ಒಣ ಹವೆಯ ತಿಂಗಳಾದ್ದರಿಂದ ನಿಮಗೆ ಆ ತಾಪತ್ರಯ ಕಡಿಮೆ. ಮಗಳಿಗೆ ಈಜು ಬಾರದಿದ್ದರೆ ಇಂದೇ ಈಜುಕೊಳಕ್ಕೆ ಸೇರಿಸಿ. ಈಜು ಬಾರದ ಮಗುವಿಗೆ ಸರ್ಫಿಂಗ್ ಬೇಡ, ಅದರಲ್ಲಿ ರಾಜಿಯಿಲ್ಲ.

ಅತ್ತೆ-ಮಾವನಿಗೆ ಬೇರೆ ದಂಡೆ ಹೇಳುತ್ತೇನೆ. ಊರಿನ ದಕ್ಷಿಣಕ್ಕೆ ಸ್ಮಶಾನದ ಪಕ್ಕದಿಂದ ಹಾದು ಹೋದರೆ ‘ಪ್ಲಾಯಾ ದೆ ಲೋಸ್ ಮುಯೆರ್ತೋಸ್’, ಅಂದರೆ ಸತ್ತವರ ದಂಡೆ, ಸಿಗುತ್ತದೆ. ಹೆಸರಿಗೆ ಬೆಚ್ಚಬೇಡಿ. ಚಿಕ್ಕ ಕೊಲ್ಲಿಯಂಥ ಜಾಗ, ನೀರು ಎದುರಿನ ದಂಡೆಗಿಂತ ಶಾಂತ. ಬಣ್ಣ ಬಳಿದ ಸಮಾಧಿಗಳು, ಅವುಗಳ ಮೇಲಿನ ಹೂವು ನೋಡಿ ಎಪ್ಪತ್ತೊಂದು ವರ್ಷದ ನನ್ನ ಅತ್ತೆ ಅಲ್ಲೇ ನಿಂತರು. ‘ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ ಇವರು ತಮ್ಮವರನ್ನು’ ಎಂದು ಬಹಳ ಹೊತ್ತು ಕದಲಲಿಲ್ಲ. ಊರಿನೊಳಗಿನ ಬೀದಿಗಳಿಗೆ ಕಲ್ಲು ಹಾಸಿರುವುದರಿಂದ ಮಂಡಿನೋವಿದ್ದವರಿಗೆ ಕಷ್ಟ, ಗಾಲ್ಫ್ ಕಾರ್ಟ್ ಬಾಡಿಗೆಗೆ ಸಿಗುತ್ತದೆ. ನಡುಚೌಕದ ಹತ್ತಿರ ಮನೆ ಹಿಡಿಯಬೇಡಿ, ರಾತ್ರಿ ಸಂಗೀತ ನಿಲ್ಲುವುದೇ ಇಲ್ಲ. ಮಾರ್ಚ್ ತಿಂಗಳ ಆರಂಭದಲ್ಲಾದರೆ ದೋಣಿ ಹತ್ತಿಸಿ ಕರೆದುಕೊಂಡು ಹೋಗಿ. ಬಂದೇರಾಸ್ ಕೊಲ್ಲಿಗೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಗೂನುಬೆನ್ನಿನ ತಿಮಿಂಗಿಲಗಳು ಬರುತ್ತವೆ, ಮರಿ ಹಾಕುವುದೂ ಇಲ್ಲಿಯೇ. ಈಸ್ಟರ್ ವಾರವನ್ನು ಮಾತ್ರ ತಪ್ಪಿಸಿ. ಆಗ ಮೆಕ್ಸಿಕೊದ ಕುಟುಂಬಗಳೆಲ್ಲ ಕಡಲಿಗೆ ಬರುತ್ತವೆ, ಕಾಲಿಡಲು ಜಾಗವಿರುವುದಿಲ್ಲ. ಅಮೆರಿಕ ಸರ್ಕಾರ ಮೆಕ್ಸಿಕೊದ ಒಂದೊಂದು ರಾಜ್ಯಕ್ಕೂ ಪ್ರತ್ಯೇಕ ಪ್ರಯಾಣ ಸೂಚನೆ ಕೊಡುತ್ತದೆ. ಹೊರಡುವ ಮುನ್ನ ಹಲಿಸ್ಕೊ, ನಯಾರೀತ್ ಎರಡನ್ನೂ ಓದಿಕೊಳ್ಳಿ.

ಪ್ರಶ್ನೆ: ಮೇಡಂ, ನನ್ನ ತಾಯಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಕಳೆದ ವರ್ಷ ಮೆಕ್ಸಿಕೊಗೆ ಕರೆದೊಯ್ದಾಗ ಐದು ದಿನ ಬ್ರೆಡ್ಡು, ಬಾಳೆಹಣ್ಣು ತಿಂದು ಕಳೆದರು. ನನಗೆ ಇಂದಿಗೂ ಆ ನೋವಿದೆ. ಅಲ್ಲಿ ಶಾಕಾಹಾರಿಗಳಿಗೆ ನಿಜವಾಗಿಯೂ ಏನೂ ಇಲ್ಲವೇ?
ಒಬ್ಬ ಮಗ, ಸ್ಯಾನ್ ಹೊಸೆ

ಉತ್ತರ: ಇದೆ, ಬೇಕಾದಷ್ಟಿದೆ. ಸಿಗುವ ಜಾಗ ಮಾತ್ರ ಬೇರೆ. ದೊಡ್ಡ ಹೋಟೆಲಿನ ಬಫೆಯಲ್ಲಿ ಹುಡುಕಿದರೆ ಸಲಾಡ್ ಎಲೆ ಸಿಗುತ್ತದೆ. ಬೀದಿಯ ಹಂಚಿನ ಮುಂದೆ ನಿಂತರೆ ಊಟ ಸಿಗುತ್ತದೆ.

ನನ್ನ ಅತ್ತೆಯೂ ಶಾಕಾಹಾರಿ, ನಾನು ಮೀನು ತಿಂದು ಬೆಳೆದವಳು. ಮೊದಲ ಬೆಳಿಗ್ಗೆ ಅವರನ್ನು ತೊರ್ತಿಯಾ ಎಂಬ ತೆಳು ರೊಟ್ಟಿ ಮಾಡುವ ಅಂಗಡಿಗೆ ಕರೆದುಕೊಂಡು ಹೋದೆ. ಯಂತ್ರದಿಂದ ಬಿಸಿಬಿಸಿ ಮೆಕ್ಕೆಜೋಳದ ತೊರ್ತಿಯಾಗಳು ಒಂದರ ಹಿಂದೊಂದು ಜಾರಿ ಬರುತ್ತಿದ್ದವು, ಕಿಲೋ ಲೆಕ್ಕದಲ್ಲಿ ತೂಗಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಅತ್ತೆ ಒಂದನ್ನು ಮೂಗಿನ ಹತ್ತಿರ ಹಿಡಿದು ‘ಇದಕ್ಕೆ ಸುಣ್ಣ ಹಾಕಿದ್ದಾರೆ’ ಎಂದರು. ಐವತ್ತು ವರ್ಷ ಎಲೆಯಡಿಕೆ ಹಾಕಿದವರ ಮೂಗು ಅದು. ನಿಜ. ಮೆಕ್ಸಿಕೊದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ನಿಷ್ಟಮಲ್ ಎಂದು ಅದಕ್ಕೆ ಹೆಸರು, ಸಾವಿರಾರು ವರ್ಷಗಳ ಪದ್ಧತಿ. ಸುಣ್ಣದಿಂದ ಕಾಳಿನ ಸಿಪ್ಪೆ ಸಡಿಲವಾಗುತ್ತದೆ, ಹಿಟ್ಟು ಹದವಾಗಿ ಅಂಟುತ್ತದೆ, ಜೋಳದಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುತ್ತದೆ. ಅದೇ ಜೋಳವನ್ನು ಸುಣ್ಣವಿಲ್ಲದೆ ತಿಂದ ಯೂರೋಪಿನ ಬಡವರಿಗೆ ಆ ಜೀವಸತ್ವದ ಕೊರತೆಯಿಂದ ಪೆಲಾಗ್ರಾ ರೋಗ ಬಂದಿತ್ತು. ಅತ್ತೆ ಅಂದು ಮಧ್ಯಾಹ್ನ ಆ ತೊರ್ತಿಯಾಕ್ಕೆ ನಾವು ಒಯ್ದಿದ್ದ ಚಟ್ನಿಪುಡಿ, ತುಪ್ಪ ಹಾಕಿಕೊಂಡು ನಾಲ್ಕು ತಿಂದರು.

ಎಚ್ಚರ ಬೇಕಾದುದು ಕಣ್ಣಿಗೆ ಕಾಣದ ಮಾಂಸದ ಬಗ್ಗೆ. ಬೀನ್ಸ್ ಅರೆದು ಹುರಿದದ್ದರಲ್ಲಿ ಹಲವೆಡೆ ಮಂತೇಕಾ ಇರುತ್ತದೆ, ಅಂದರೆ ಹಂದಿಯ ಕೊಬ್ಬು. ಮೈದಾ ತೊರ್ತಿಯಾದಲ್ಲಿ, ಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸುವ ತಮಾಲೆಯಲ್ಲಿ ಅದೇ. ಕೆಂಪಗೆ ಕಾಣುವ ಅನ್ನವನ್ನು ಸಾಮಾನ್ಯವಾಗಿ ಕೋಳಿಯ ಸಾರಿನಲ್ಲಿ ಬೇಯಿಸುತ್ತಾರೆ. ‘ನಾನು ವೆಜಿಟೇರಿಯನ್’ ಎಂದರೆ ಸಾಲದು. ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ, ಸಿನ್ ಮಂತೇಕಾ’ ಎಂದು ಒಂದೊಂದನ್ನೂ ಹೆಸರಿಸಿ ಬೇಡವೆನ್ನಿ. ಮಾಂಸ, ಕೋಳಿ, ಮೀನು, ಹಂದಿಕೊಬ್ಬು ಇಲ್ಲದೆ ಎಂದರ್ಥ. ಬೇಯಿಸುವ ಹೆಂಗಸರು ಬೇಸರಪಟ್ಟುಕೊಳ್ಳುವುದಿಲ್ಲ, ಹಂಚು ಒರೆಸಿ ಬೇರೆಯಾಗಿ ಮಾಡಿಕೊಡುತ್ತಾರೆ. ತೊರ್ತಿಯಾ ಮಡಿಚಿ ಕಾಯಿಸುವ ಕೆಸಾದಿಯಾದಲ್ಲಿ ಕುಂಬಳದ ಹೂವು ತುಂಬಿದ್ದು ಕೇಳಿ, ಅಣಬೆಯದು ಕೇಳಿ. ಮುಳ್ಳು ತೆಗೆದು ಬೇಯಿಸಿದ ಪಾಪಾಸುಕಳ್ಳಿಯ ಪಲ್ಯ ಇರುತ್ತದೆ, ನೊಪಾಲೆಸ್ ಎನ್ನುತ್ತಾರೆ. ಬೆಂಡೆಕಾಯಿಯಂತೆ ಸ್ವಲ್ಪ ಲೋಳೆ, ಸ್ವಲ್ಪ ಹುಳಿ. ಬೀದಿಯಲ್ಲಿ ಸುಟ್ಟ ಜೋಳಕ್ಕೆ ಮೇಯನೇಸ್ ಸವರುತ್ತಾರೆ, ಅದರಲ್ಲಿ ಮೊಟ್ಟೆಯಿದೆ. ನಿಂಬೆ, ಉಪ್ಪು, ಖಾರ ಸಾಕು ಎನ್ನಿ. ಪಪ್ಪಾಯಿ, ಮಾವು ಹೆಚ್ಚಿ ಉಪ್ಪುಖಾರ ಉದುರಿಸಿ ಕೊಡುವ ಗಾಡಿಯ ಮುಂದೆ ನಿಮ್ಮ ತಾಯಿಗೆ ಬೆಂಗಳೂರೇ ನೆನಪಾದೀತು. ಮೆಣಸಿನಕಾಯಿ, ಟೊಮೆಟೊ ಆ ನೆಲದಿಂದಲೇ ನಮಗೆ ಬಂದವು. ಸಪೋಟ ಎಂಬ ಹೆಸರೂ ಅಲ್ಲಿನ ನಹುವಾತ್ಲ್ ಭಾಷೆಯ ‘ತ್ಸಪೋತ್ಲ್’ನಿಂದ ಬಂದದ್ದು. ಕುಡಿಯಲು ಹುಣಸೆಯ ಪಾನಕ ಇದೆ, ಪುಂಡಿಯ ಜಾತಿಯ ಕೆಂಪು ಹೂ ನೆನೆಸಿದ ಹಮೈಕಾ ಇದೆ. ನಲ್ಲಿ ನೀರು ಮಾತ್ರ ಬಾಯಿಗೆ ಹಾಕಬೇಡಿ, ಹಲ್ಲುಜ್ಜಲೂ ಶುದ್ಧೀಕರಿಸಿದ ನೀರಿರಲಿ.

ಮೀನು ತಿನ್ನುವವರು ಜೊತೆಗಿದ್ದರೆ ನಯಾರೀತ್‌ನ ‘ಪೆಸ್ಕಾದೊ ಸರಂದ್ಯಾದೊ’ ಬಿಡಬಾರದು. ಇಡೀ ಮೀನನ್ನು ಪುಸ್ತಕದಂತೆ ಬಿಡಿಸಿ, ಖಾರ ಸವರಿ ಕೆಂಡದ ಮೇಲೆ ಸುಡುತ್ತಾರೆ. ಮಲ್ಪೆಯ ನನ್ನ ನಾಲಿಗೆ ಅದಕ್ಕೆ ತಲೆಬಾಗಿತು. ಒಂದು ಮಾತು: ನೀವು ಕೇಳುವವರೆಗೆ ಬಿಲ್ ತರುವುದಿಲ್ಲ. ಕೇಳದೆ ತಂದರೆ ಎದ್ದು ಹೋಗಿ ಎಂದಂತಾಗುತ್ತದೆ ಎಂಬುದು ಅವರ ಮರ್ಯಾದೆ. ಪಕ್ಕದ ಮೇಜಿನವರು ಎದ್ದು ಹೋಗುವಾಗ ‘ಪ್ರೊವೇಚೊ’ ಎನ್ನುತ್ತಾರೆ. ಊಟ ಮೈಗೆ ಹತ್ತಲಿ ಎಂಬ ಹಾರೈಕೆ. ಅತ್ತೆ ಎರಡನೆಯ ದಿನಕ್ಕೆ ಆ ಮಾತು ಕಲಿತು, ಕಂಡಕಂಡವರಿಗೆಲ್ಲ ಹೇಳಿದರು.

ಪ್ರಶ್ನೆ: ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೊ ವೀಸಾ ಬೇಕೇ?
ಓದುಗರು, ನ್ಯೂಜೆರ್ಸಿ

ಉತ್ತರ: ಅಮೆರಿಕದ ಗ್ರೀನ್ ಕಾರ್ಡ್ ಅಥವಾ ಅವಧಿ ಮುಗಿಯದ ಅಮೆರಿಕದ ವೀಸಾ ಇದ್ದರೆ ಪ್ರವಾಸಕ್ಕೆ ಬೇರೆ ವೀಸಾ ಬೇಡ, 180 ದಿನದವರೆಗೆ ಇರಲು ಅವಕಾಶವಿದೆ. ಎಚ್-1ಬಿ ಎಂಬ ಕೆಲಸದ ವೀಸಾದವರು ಗಮನಿಸಿ. ಕೆಲಸದ ಅನುಮತಿ ಪತ್ರ ಚಾಲ್ತಿಯಲ್ಲಿದ್ದು, ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ ವೀಸಾ ಮುಗಿದಿದ್ದರೆ ಈ ಸೌಲಭ್ಯ ಸಿಗುವುದಿಲ್ಲ. ಟಿಕೆಟ್ ತೆಗೆಯುವ ಮುನ್ನ ಆ ಪುಟ ತೆರೆದು ನೋಡಿ.

ಪ್ರಶ್ನೆ: ಮೆಕ್ಸಿಕೊ ನಮಗೆ ಎಟುಕದ ಮಾತು. ಹದಿನಾಲ್ಕರ ಮಗನಿಗೆ ಸರ್ಫಿಂಗ್ ಹುಚ್ಚು. ಕರ್ನಾಟಕದಲ್ಲಿ ಕಲಿಯಬಹುದೇ?
ಒಬ್ಬ ತಂದೆ, ದಾವಣಗೆರೆ

ಉತ್ತರ: ಖಂಡಿತ. ಮೂಲ್ಕಿಗೆ ಕರೆದುಕೊಂಡು ಹೋಗಿ. ಭಾರತದಲ್ಲಿ ಸರ್ಫಿಂಗ್ ಮೊದಲು ಬೇರುಬಿಟ್ಟ ಊರುಗಳಲ್ಲಿ ಅದೂ ಒಂದು. ಪಕ್ಕದ ಸಸಿಹಿತ್ಲುವಿನಲ್ಲಿ ರಾಷ್ಟ್ರೀಯ ಸ್ಪರ್ಧೆಗಳು ನಡೆದಿವೆ. ಅಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆ ಇದೆ, ಅದರ ಸೆಳೆತ ಬಲವಾದದ್ದು. ತರಬೇತುದಾರರಿಲ್ಲದೆ ಮಗನನ್ನು ನೀರಿಗೆ ಬಿಡಬೇಡಿ. ಮಳೆಗಾಲದ ಕಡಲು ನುರಿತವರಿಗೆ ಮಾತ್ರ, ಹೊಸಬರು ದಸರಾ ಕಳೆದ ಮೇಲೆ ಹೋಗಬೇಕು. ಗಾಳಿ ಏಳುವ ಮುನ್ನ, ಬೆಳಿಗ್ಗೆ ಆರಕ್ಕೇ ದಂಡೆಯಲ್ಲಿರಿ. ಅವನು ಮೊದಲ ಅಲೆಯ ಮೇಲೆ ಎದ್ದು ನಿಂತ ದಿನ ನನಗೊಂದು ಪತ್ರ ಬರೆಯಿರಿ.