ಉಣ್ಣೆ ಬಟ್ಟೆ: ನುಸಿಗುಳಿಗೆಗಿಂತ ಮೊದಲು ಒಂದು ಬಕೆಟ್ ನೀರು

ತಂಗೀ, ಟೊರಾಂಟೊದಲ್ಲಿ ಮೊದಲ ಚಳಿಗಾಲ ಕಳೆದು ಜಯನಗರದ ಮನೆಗೆ ಬಂದಿದ್ದೀಯ. ಜೊತೆಗೆ ಉಣ್ಣೆ ಸ್ವೆಟರ್‌ಗಳು, ಅಜ್ಜಿ ಹೆಣೆದ ಕಾರ್ಡಿಗನ್, ಮಫ್ಲರ್, ದಪ್ಪ ಜಾಕೆಟ್ ಎಲ್ಲ ಬಂದಿವೆ. "ಸೆಪ್ಟೆಂಬರ್‌ವರೆಗೆ ಇವನ್ನು ಹೇಗೆ ಇಡಲಿ? ನುಸಿಗುಳಿಗೆ ಹಾಕಿ ಬೀರುವಿನಲ್ಲಿಟ್ಟರೆ ಸಾಕು ಅಂತಾರೆ ಅಮ್ಮ, ಸಾಕಾ ಅಕ್ಕಾ?" ಅಂತ ಕೇಳಿದ್ದೀಯ. ನಾನು ಅಲ್ಲಿ ನೆಲೆ ನಿಂತು ತುಂಬಾ ವರ್ಷವಾಯಿತು. ಈಗ ರಜೆಗೆ ಬಸವನಗುಡಿಯಲ್ಲೇ ಇದ್ದೇನೆ, ನನ್ನ ಉಣ್ಣೆ ಬಟ್ಟೆಯೂ ಇಲ್ಲೇ ಇದೆ. ಹಾಗಾಗಿ ವಿವರವಾಗಿಯೇ ಹೇಳುತ್ತೇನೆ.

ಗುಳಿಗೆ ಸಾಲದು. ಮೊದಲು ಒಗೆಯಬೇಕು.

ಉಣ್ಣೆ ತಿನ್ನುವುದು ಬೀರುವಿನಲ್ಲಿ ಹಾರುವ ಸಣ್ಣ ಚಿಟ್ಟೆಯಲ್ಲ (ಪತಂಗ ಅಂತಾರಲ್ಲ, ಅದು), ಅದರ ಮರಿಹುಳು. ಚಿಟ್ಟೆ ಒಣಹುಲ್ಲಿನ ಬಣ್ಣದ್ದು, ಅಕ್ಕಿಕಾಳಿನಷ್ಟು ಇರುತ್ತದೆ. ದೀಪದ ಹತ್ತಿರ ಬರುವುದಿಲ್ಲ. ಬೀರುವಿನ ಬಾಗಿಲು ತೆಗೆದರೆ ಸರಸರ ಅಂತ ಮಡಿಕೆಯೊಳಗೆ ಓಡುತ್ತದೆ. ಕತ್ತಲಲ್ಲಿ, ಯಾರೂ ಮುಟ್ಟದ ಜಾಗದಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳುವಿಗೆ ಉಣ್ಣೆಯ ಜೊತೆಗೆ ಬೆವರು, ಮೈಯ ಜಿಡ್ಡು, ಚೆಲ್ಲಿದ ಸಾರಿನ ಕಲೆ ಇದ್ದರೆ ಇನ್ನೂ ಚೆನ್ನಾಗಿ ಬೆಳೆಯುತ್ತದೆ. ತೂತು ಜಾಸ್ತಿ ಕಾಣುವುದು ಕತ್ತು, ಕಂಕುಳು, ತೋಳಿನ ಅಂಚಿನಲ್ಲಿ. ಒಂದೇ ಸಲ ಹಾಕಿದ ಸ್ವೆಟರನ್ನೂ ಹಾಗೇ ಮಡಚಿ ಇಡಬೇಡ.

ಒಗೆಯಲು ಸಾಮಾನ್ಯ ಸೋಪಿನ ಪುಡಿ ಬೇಡ. ಉಣ್ಣೆ ರೇಷ್ಮೆಯ ಹಾಗೆ ಪ್ರೋಟೀನು. ಕಲೆ ತೆಗೆಯಲು ಪುಡಿಯಲ್ಲಿ ಹಾಕಿರುವ ಕೆಲವು ಕಿಣ್ವಗಳು ಪ್ರೋಟೀನನ್ನೇ ಕತ್ತರಿಸುವಂಥವು. ಅಂಗಡಿಯಲ್ಲಿ ಉಣ್ಣೆಗೆಂದೇ ದ್ರವ ಸೋಪು ಸಿಗುತ್ತದೆ, ಇಲ್ಲವಾದರೆ ಅಮ್ಮ ರೇಷ್ಮೆ ಸೀರೆಗೆ ಬಳಸುವ ಅಂಟುವಾಳವೇ ಸಾಕು. ಬಕೆಟ್‌ನಲ್ಲಿ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ತಗೋ. ಬಟ್ಟೆಯನ್ನು ಒಳಗೆ ಮುಳುಗಿಸಿ ಮೆಲ್ಲಗೆ ಅದುಮು. ಉಜ್ಜಬೇಡ, ಹಿಂಡಬೇಡ. ಉಣ್ಣೆಯ ಎಳೆಯ ಮೇಲೆ ಸಣ್ಣ ಪೊರೆಗಳಿರುತ್ತವೆ. ಬಿಸಿ ಮತ್ತು ತಿಕ್ಕಾಟ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಕುಗ್ಗಿ ಗಟ್ಟಿಯಾಗುತ್ತದೆ. ಮತ್ತೆ ಸರಿಹೋಗುವುದಿಲ್ಲ. ಕಾರ್ಡಿಗನ್ನಿನ ಮೊಣಕೈ ಹತ್ತಿರ ನೂಲು ಎದ್ದಿದೆ ಅಂದೆಯಲ್ಲ, ಅದನ್ನು ಒಗೆಯುವ ಮೊದಲೇ ಅಜ್ಜಿಯ ಹತ್ತಿರ ಸರಿಮಾಡಿಸು. ನೀರಿಗೆ ಹೋದರೆ ಎಳೆ ಇನ್ನೂ ಬಿಚ್ಚಿಕೊಳ್ಳುತ್ತದೆ.

ನೀರು ತೆಗೆಯಲು ದೊಡ್ಡ ಟವೆಲ್ ಹಾಸಿ, ಸ್ವೆಟರನ್ನು ಅದರ ಮೇಲೆ ಹರವಿ, ಚಾಪೆ ಸುತ್ತಿದ ಹಾಗೆ ಎರಡನ್ನೂ ಸುತ್ತಿ ಮೇಲೆ ಒತ್ತು. ಆಮೇಲೆ ಒಣ ಟವೆಲ್ ಮೇಲೆ ಹರವಿ, ತೋಳು, ಅಂಚು ಎಲ್ಲ ಮೊದಲಿದ್ದ ಆಕಾರಕ್ಕೆ ಎಳೆದು ನೆರಳಲ್ಲಿ ಬಿಡು. ತಂತಿಯ ಮೇಲೆ ಹಾಕಿದರೆ ನೀರಿನ ಭಾರಕ್ಕೆ ಜೋತುಬೀಳುತ್ತದೆ.

ಬೆಂಗಳೂರಿನಲ್ಲಿ ನನಗೆ ಹುಳುವಿಗಿಂತ ಹೆಚ್ಚು ಭಯ ತೇವದ್ದು. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲಿ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಮಳೆಗಾಲದಲ್ಲಿ "ಒಣಗಿದೆ" ಅಂತ ಎತ್ತಿಟ್ಟಿದ್ದು ಒಳಗೇ ಮುಗ್ಗಲು ಹಿಡಿದು ಬೂಷ್ಟು ಬರುತ್ತದೆ. ಹೊಲಿಗೆ ಮತ್ತು ಕತ್ತಿನ ದಪ್ಪ ಪಟ್ಟಿಯನ್ನು ಕೆನ್ನೆಗೆ ಒತ್ತಿ ನೋಡು. ತಣ್ಣಗಿದ್ದರೆ ಇನ್ನೊಂದು ದಿನ ಫ್ಯಾನಿನ ಕೆಳಗಿರಲಿ, ಅವಸರ ಬೇಡ.

ಇಡುವಾಗ ಮಡಚಿಯೇ ಇಡು. ಹ್ಯಾಂಗರ್ ಹಾಕಿದರೆ ಭುಜದಲ್ಲಿ ಗೂನು ಬರುತ್ತದೆ. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ. ಪ್ಲಾಸ್ಟಿಕ್ ಕವರ್ ಬೇಡ, ಒಗೆದ ಹಳೆ ದಿಂಬಿನ ಚೀಲವೋ ಅಪ್ಪನ ಹಳೆ ಪಂಚೆಯೋ ಸಾಕು, ಆದರೆ ಎಲ್ಲೂ ಸಂದಿ ಬಿಡದೆ ಸುತ್ತಬೇಕು. ಬೀರು ಬಚ್ಚಲುಮನೆಯ ಗೋಡೆಗೆ ತಾಗಿದ್ದರೆ ಸ್ವಲ್ಪ ಮುಂದಕ್ಕೆ ಎಳೆಸು. ಜಾಕೆಟ್ ಮಾತ್ರ ಬೇರೆ ಲೆಕ್ಕ. ಅದರೊಳಗೆ ಪುಕ್ಕ ತುಂಬಿದ್ದರೆ ಗಾಳಿ ತೆಗೆಯುವ ಚೀಲಕ್ಕೆ ಹಾಕಿ ತಿಂಗಳುಗಟ್ಟಲೆ ಅಮುಕಿ ಇಡಬೇಡ, ಪುಕ್ಕ ಚಪ್ಪಟೆಯಾಗಿ ಬೆಚ್ಚಗಿಡುವ ಗುಣ ಕಮ್ಮಿಯಾಗುತ್ತದೆ. ಅದನ್ನು ಸುಮ್ನೆ ನೇತುಹಾಕು.

ಇನ್ನು ಗುಳಿಗೆ. ಅದು ಕೆಲಸ ಮಾಡುವುದು ತನ್ನ ಆವಿಯಿಂದ, ಅದೂ ಗಾಳಿ ಆಡದ ಪೆಟ್ಟಿಗೆಯಲ್ಲಿ. ದಿನಕ್ಕೆ ಹತ್ತು ಸಲ ತೆರೆಯುವ ಬೀರುವಿನಲ್ಲಿ ವಾಸನೆ ಬಿಟ್ಟರೆ ಹೆಚ್ಚೇನೂ ಆಗುವುದಿಲ್ಲ. ಮುಖ್ಯ ಅಂದರೆ ನಿಮ್ಮ ಮನೆಯಲ್ಲಿ ಕೂಸು ಇದೆ. ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವ ಕಮ್ಮಿ ಇರುವ ಮಕ್ಕಳಿಗೆ ಇಂಥ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವ ನ್ಯಾಫ್ತಲೀನ್ ತಾಗಿದರೆ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ 2008ರಿಂದ ಈ ಗುಳಿಗೆ ಮಾರುವಂತಿಲ್ಲ. ಅಮ್ಮನಿಗೆ ಇದನ್ನು ಸಮಾಧಾನವಾಗಿ ಹೇಳು. ಅವರ ತೃಪ್ತಿಗೆ ಬಜೆಯ ತುಂಡೋ ನೆರಳಲ್ಲಿ ಒಣಗಿಸಿದ ಬೇವಿನ ಎಲೆಯೋ ಇರಲಿ. ಆದರೆ ಮೊಟ್ಟೆ ಅದರಿಂದ ಸಾಯುತ್ತದೆ ಅಂತ ನಂಬಿ ಕೂರಬೇಡ.

ತಿಂಗಳಿಗೊಮ್ಮೆ ಬಿಸಿಲು ಕಂಡ ದಿನ ಎಲ್ಲ ಹೊರಗೆ ತೆಗೆದು ಕೊಡವು. ಒಳಮೈ ಹೊರಗೆ ಮಾಡಿ ಸ್ವಲ್ಪ ಹೊತ್ತು ಬಿಸಿಲಿಗೆ ಹಾಕು, ಹೊಲಿಗೆಯ ಗುಂಟ ಬ್ರಷ್ ಎಳೆ. ನಮ್ಮ ಕಡೆ ಕಂಬಳಿಗೂ ಇದೇ ಮಾಡುತ್ತಿದ್ದರಲ್ವಾ? ಮರಿಹುಳುವಿಗೆ ಬೆಳಕು ಆಗದು. ಮರಳಿನಂಥ ಕಾಳು, ಜೇಡನ ಬಲೆಯಂಥ ಎಳೆ ಕಂಡರೆ ಆ ಬಟ್ಟೆಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ 2 ವಾರ ಇಡು. ಹೊರಗೆ ತೆಗೆದ ಮೇಲೆ ಚೀಲ ಪೂರ್ತಿ ಬೆಚ್ಚಗಾಗುವವರೆಗೆ ಬಿಚ್ಚಬೇಡ, ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ.

ಟೊರಾಂಟೊಗೆ ವಾಪಸ್ಸು ಹೋದ ಮೇಲೂ ಎಚ್ಚರ ಬೇಕು. ಹೊರಗೆ ಹಿಮ ಬಿದ್ದರೂ ಹೀಟರ್ ಹಾಕಿದ ಮನೆಯಲ್ಲಿ ಚಿಟ್ಟೆ ವರ್ಷವಿಡೀ ಬದುಕುತ್ತದೆ. ಸೆಕೆಂಡ್‌ಹ್ಯಾಂಡ್ ಅಂಗಡಿಯ ಉಣ್ಣೆ ಕೋಟು ಚೆನ್ನಾಗಿಯೇ ಇರುತ್ತದೆ, ಕೊಳ್ಳು. ಆದರೆ ಅದನ್ನು ಬೇರೆ ಬಟ್ಟೆಯ ಜೊತೆ ಸೇರಿಸುವ ಮೊದಲೇ ಫ್ರೀಜರಿಗೆ ಹಾಕು. ನಿಮ್ಮ ಕಟ್ಟಡದ ಲಾಂಡ್ರಿ ಕೋಣೆಯ ಡ್ರೈಯರ್‌ಗೆ ಮಾತ್ರ ಯಾವ ಸ್ವೆಟರನ್ನೂ ಹಾಕಬೇಡ. ಬಟ್ಟೆ ಒಣಗಿಸಲು ಮಡಚುವ ಸ್ಟ್ಯಾಂಡ್ ನನ್ನ ಹತ್ತಿರ ಒಂದು ಜಾಸ್ತಿ ಇದೆ, ಅಲ್ಲಿಗೆ ಬಂದಾಗ ತಗೊಂಡು ಹೋಗು.