ಮಾರ್ಕ್ಸ್ ಹುಟ್ಟಿದ ಊರಿನಲ್ಲಿ ಬಿಸಿನೀರಿಗಾಗಿ ಅಲೆದಾಟ

"ವಿದೇಶದಲ್ಲಿ ಓದುವಾಗ ಚೀನಾದ ಗೆಳೆಯರ ಜೊತೆ ಊರು ಸುತ್ತಿದ್ದೀರಾ? ತಮಾಷೆಯ ಅನುಭವ ಇದ್ದರೆ ಹೇಳಿ" ಅಂತ ಕೇಳಿದ್ದೀರಿ. ನನಗೆ ತಕ್ಷಣ ನೆನಪಾಗುವುದು ಜರ್ಮನಿಯ ಟ್ರಿಯರ್.

ನಾನು ಬಾನ್‌ನಲ್ಲಿ ಓದುವಾಗ ಹಾಸ್ಟೆಲಿನ ಪಕ್ಕದ ರೂಮಿನಲ್ಲಿ ಚೀನಾದ ಚೆಂಗ್ಡು ಕಡೆಯ ಹುಡುಗ ಇದ್ದ. ಅಡುಗೆಮನೆ ಒಂದೇ ಆದ್ದರಿಂದ ಬೇಗ ಸಲುಗೆ ಬೆಳೆಯಿತು. ಅವನಿಗೆ ಕೋಟೆ, ಚರ್ಚು ಯಾವುದೂ ಬೇಡ. ಹೋದರೆ ಮೊದಲು ಟ್ರಿಯರ್‌ಗೇ ಅಂತ ಹಟ. 1818ರ ಮೇ 5ರಂದು ಕಾರ್ಲ್ ಮಾರ್ಕ್ಸ್ ಹುಟ್ಟಿದ್ದು ಆ ಊರಿನಲ್ಲಿ. ಇದು ಭಕ್ತಿ ಅಂದುಕೊಳ್ಳಬೇಡಿ. ಚೀನಾದಲ್ಲಿ ಎಂಜಿನಿಯರಿಂಗ್ ಓದಿದರೂ ಮಾರ್ಕ್ಸ್‌ವಾದದ ಪೇಪರ್ ಪಾಸು ಮಾಡಲೇಬೇಕು. "ಪರೀಕ್ಷೆ ಹೊತ್ತಲ್ಲಿ ನನ್ನ ನಿದ್ದೆಗೆಡಿಸಿದವನ ಮನೆ ಹೇಗಿದೆ ನೋಡೋಣ" ಅನ್ನುವುದು ಅವನ ವಾದ.

ಹೊರಟಿದ್ದು ಅಕ್ಟೋಬರಿನಲ್ಲಿ. ಕೊಬ್ಲೆನ್ಜ್‌ನಲ್ಲಿ ರೈಲು ಬದಲಿಸಿ ಮೊಜೆಲ್ ನದಿಯ ದಾರಿ ಹಿಡಿದೆವು. ಎರಡೂ ಕಡೆ ದ್ರಾಕ್ಷಿ ತೋಟದ ಗುಡ್ಡಗಳು, ಎಷ್ಟು ಚಂದ ಗೊತ್ತಾ! ಇವನು ಮಾತ್ರ ಫ್ಲಾಸ್ಕ್ ಹಿಡಿದು ಬೋಗಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದ. ಅವರ ದೇಶದ ರೈಲುಗಳಲ್ಲಿ ಕುಡಿಯಲು ಬಿಸಿನೀರಿನ ನಲ್ಲಿ ಇರುತ್ತದೆ. ಜರ್ಮನಿಯ ಪ್ಯಾಸೆಂಜರ್ ರೈಲಿನಲ್ಲಿ ಎಲ್ಲಿಂದ ಬರಬೇಕು? ಪೆಚ್ಚುಮೋರೆ ಹಾಕಿಕೊಂಡು ವಾಪಸ್ ಬಂದು ಬುತ್ತಿ ಬಿಚ್ಚಿದ. ಬ್ರೆಡ್ಡಿನ ಮೇಲೆ ಅವನದು ಲಾವೊ ಗಾನ್ ಮಾ ಮೆಣಸಿನಕಾಯಿ ಎಣ್ಣೆ, ನನ್ನದು ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ. ಎರಡನ್ನೂ ಕಲಸಿ ತಿಂದು ನೋಡಿ, ನಿಜಕ್ಕೂ ಸಖತ್ತಾಗಿರುತ್ತದೆ. ಎದುರಿಗೆ ಕೂತಿದ್ದ ಅಜ್ಜಿ ಎರಡು ಸಲ ಸೀನಿ, ಎದ್ದು ಬೇರೆ ಸೀಟಿಗೆ ಹೋದರು.

ಟ್ರಿಯರ್‌ನಲ್ಲಿ ರೋಮನ್ನರ ಕಾಲದ, ಕಪ್ಪಗಾದ ಕಲ್ಲಿನ ಹೆಬ್ಬಾಗಿಲು ಇದೆ, ಪೋರ್ಟಾ ನಿಗ್ರಾ. ಅದಕ್ಕೆ ಇವನು ಕೊಟ್ಟದ್ದು ಒಂದು ನಿಮಿಷ. ಅಲ್ಲೇ ಹತ್ತಿರ ಮಾರ್ಕ್ಸ್‌ನ ದೊಡ್ಡ ಕಂಚಿನ ಪ್ರತಿಮೆ ಇದೆ. 2018ರಲ್ಲಿ ಚೀನಾ ಸರ್ಕಾರವೇ ಕೊಟ್ಟ ಉಡುಗೊರೆ ಅದು. ಪೀಠ ಸೇರಿ ಐದೂವರೆ ಮೀಟರ್ ಎತ್ತರ. "ಅಷ್ಟು ದೂರದಿಂದ ಬಂದು ನಮ್ಮೂರ ಮಾಲನ್ನೇ ನೋಡೋ ಹಾಗಾಯ್ತಲ್ಲ!" ಅಂತ ನಕ್ಕ. ಫೋಟೊ ಮನೆಗೆ ಕಳಿಸಿದ. ಅವನಮ್ಮ ಮಾರ್ಕ್ಸ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಕುತ್ತಿಗೆಗೆ ಮಫ್ಲರ್ ಯಾಕೆ ಸುತ್ತಿಲ್ಲ ಅಂತ ಬೈದು ಮೆಸೇಜ್ ಬಂತು.

ಊರಿನ ಒಂದು ಟ್ರಾಫಿಕ್ ಸಿಗ್ನಲ್ಲಿನಲ್ಲೂ ಕೆಂಪಿಗೊಬ್ಬ ನಿಂತ ಮಾರ್ಕ್ಸ್, ಹಸಿರಿಗೊಬ್ಬ ನಡೆಯುವ ಮಾರ್ಕ್ಸ್. ಫೋಟೊ ಸರಿ ಬರಲಿಲ್ಲ ಅಂತ ಇವನು ಹಸಿರು ಬಿದ್ದರೂ ದಾಟಲು ಬಿಡಲಿಲ್ಲ. ಆಮೇಲೆ ಮಾರ್ಕ್ಸ್ ಮುಖವಿರುವ, ನೆನಪಿಗೆಂದು ಮಾರುವ ಸೊನ್ನೆ ಯೂರೋ ನೋಟು ಕಣ್ಣಿಗೆ ಬಿತ್ತು. ಬೆಲೆ 3 ಯೂರೋ. "ಹೆಚ್ಚುವರಿ ಮೌಲ್ಯ ಅಂದ್ರೆ ಏನು ಅಂತ ನನಗೆ ಈಗ ಅರ್ಥ ಆಯ್ತು" ಅಂದ. ಕೂಲಿ ಕೊಟ್ಟ ಮೇಲೂ ದುಡಿಮೆಯಿಂದ ಮಾಲೀಕನಿಗೆ ಉಳಿಯುವುದಕ್ಕೆ ಮಾರ್ಕ್ಸ್ ಬಳಸಿದ ಮಾತು ಅದು. ಹಾಗಂದವನು ತಂಗಿಗೂ ಸೇರಿಸಿ ಎರಡು ಕೊಂಡ.

ಬಿಸಿನೀರು ಕೊನೆಗೆ ಒಂದು ಕೆಫೆಯಲ್ಲಿ ಸಿಕ್ಕಿತು. ಬರೀ ಬಿಸಿನೀರು ಕೇಳಿದರೆ ಅಲ್ಲಿನ ಹುಡುಗಿಗೆ ತಲೆಬುಡ ತಿಳಿಯಲಿಲ್ಲ. ಮೊದಲು ಟೀ ಬ್ಯಾಗ್ ಜೊತೆ ತಂದಳು. ಬೇಡ ಅಂದಾಗ ಬೇರೆ ಬಗೆಯ ಟೀ ಬ್ಯಾಗ್ ತಂದಳು! ಬಿಲ್ಲಿನಲ್ಲಿ ಟೀ ದುಡ್ಡೇ ಹಾಕಿದ್ದರು, ಅದೂ ಕ್ಯಾಶ್ ಮಾತ್ರ. ಮೊಬೈಲಿನಲ್ಲೇ ದುಡ್ಡು ಕೊಟ್ಟು ಬೆಳೆದ ಇಬ್ಬರೂ ಜೇಬು ತಡಕಿ ಚಿಲ್ಲರೆ ಎಣಿಸಿದೆವು. ಇಂಥ ಹೊತ್ತಲ್ಲಿ ನಮ್ಮ ದರ್ಶಿನಿ ನೆನಪಾಗದೆ ಇರುತ್ತಾ? ಅಲ್ಲಿ ಕೇಳಿದರೆ ಬಿಸಿನೀರು ಪುಕ್ಕಟೆ, ಕೌಂಟರಿನಲ್ಲಿ ಕ್ಯೂಆರ್ ಕೋಡ್ ಬೇರೆ.

ಸಂಜೆ ಇನ್ನೂ ಹೊತ್ತಿತ್ತು. ಲಕ್ಸೆಂಬರ್ಗ್ ಅಲ್ಲಿಂದ ಒಂದು ಗಂಟೆಯೂ ಇಲ್ಲ, ಹೊರಟೇಬಿಟ್ಟೆವು. ಆ ದೇಶದಲ್ಲಿ 2020ರ ಮಾರ್ಚ್‌ನಿಂದ ಬಸ್ಸು, ಟ್ರಾಮ್, ರೈಲು ಎಲ್ಲವೂ ಉಚಿತ. ಇವನಿಗೆ ನಂಬಿಕೆಯೇ ಬರಲಿಲ್ಲ. ಟ್ರಾಮ್ ಹತ್ತಿ ಸ್ಕ್ಯಾನ್ ಮಾಡುವ ಮಶೀನು ಹುಡುಕಿದ. ಸಿಗದಿದ್ದಾಗ ಪಕ್ಕದವರಿಗೆ ತನ್ನ ಸ್ಟೂಡೆಂಟ್ ಕಾರ್ಡ್ ತೋರಿಸಿದ. ಅವರು ಪಾಪ, ಏನು ಮಾಡಬೇಕು ಅಂತ ತಿಳಿಯದೆ ಓದಿ ವಾಪಸ್ ಕೊಟ್ಟರು. ಧೈರ್ಯ ಬಂದ ಮೇಲೆ ಆಸೆಯೂ ಜಾಸ್ತಿಯಾಯಿತು. ವಾಪಸ್ ಬರುವ ರೈಲಿನಲ್ಲಿ "ಹೇಗೂ ಫ್ರೀ ಅಲ್ವಾ" ಅಂತ ಸೀದಾ ಫಸ್ಟ್ ಕ್ಲಾಸಿಗೆ ಹೋಗಿ ಕಾಲು ಚಾಚಿ ಕೂತ. ಫ್ರೀ ಅನ್ನುವುದು ಆ ದೇಶದ ಗಡಿಯೊಳಗೆ, ಅದೂ ಸೆಕೆಂಡ್ ಕ್ಲಾಸಿಗೆ ಮಾತ್ರ. ಟಿಕೆಟ್ ನೋಡುವವರು ಬರುವ ಮುಂಚೆ ಜಾಕೆಟ್ ಹಿಡಿದು ಎಳೆದುಕೊಂಡು ಬರಬೇಕಾಯಿತು.